ಹುರಿಯುಂಡೆಗೆ ಅಪ್ಪ ಹಾಕಿದ ಜೋಡಣೆ

ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪ ಸ್ಯಾನ್ ಡಿಯಾಗೋದ ನಮ್ಮ ಮನೆಗೆ ಬಂದಾಗ ನನಗಿದ್ದದ್ದು ಒಂದೇ ಆಸೆ: ಹೊರಡುವುದರೊಳಗೆ ಅಮೆರಿಕದ ಒಂದಾದರೂ ವಸ್ತುವನ್ನು ಅವನು ಮೆಚ್ಚಬೇಕು. ಗದಗದ ಕಡೆ ಪುಂಡಿನಾರಿನ ಹಗ್ಗ ಹೊಸೆದು ನನ್ನನ್ನು ಎಂಜಿನಿಯರ್ ಮಾಡಿದವನು ಅವನು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಡೆಲ್ ಮಾರ್‌ನಲ್ಲಿ ಸಮುದ್ರ ತೋರಿಸಿದೆ. "ನೀರು," ಅಂದ. ಲಾಸ್ ಏಂಜಲೀಸ್‌ನಲ್ಲಿ ಅಂಗಡಿ ಮಾಳಿಗೆಯ ಮೇಲೆ ನಿಲ್ಲಿಸಿದ ಭಾರಿ ಡೋನಟ್ ತೋರಿಸಿದೆ. "ಉದ್ದಿನವಡಿಗೂ ತೂತು ಇರ್ತೈತಿ. ನಾವು ಮಾಳಿಗಿ ಮ್ಯಾಲೆ ಇಡಂಗಿಲ್ಲ."

ಹಟಕ್ಕೆ ಬಿದ್ದು ರಜೆ ಹಾಕಿ, ಮೂರು ದಿನ ಡ್ರೈವ್ ಮಾಡಿ ಕ್ಯಾನ್ಸಸ್‌ಗೆ ಕರೆದೊಯ್ದೆ. ಕಣ್ಣು ಹಾಯಿಸಿದಷ್ಟೂ ಹುಲ್ಲು, ಗೋಧಿ. ಬೇರೇನೂ ಇಲ್ಲದ್ದಕ್ಕೋ ಏನೋ, ಅಲ್ಲಿನವರು ಊರಿಗೊಂದು ದೈತ್ಯ ವಸ್ತು ಮಾಡಿ ರಸ್ತೆ ಬದಿಗೆ ಇಟ್ಟಿರುತ್ತಾರೆ. ಮೊದಲು ಸಿಕ್ಕಿದ್ದು ಬಿಲ ತೋಡುವ ಬಯಲು ಅಳಿಲಿನ ಸಿಮೆಂಟ್ ಮೂರ್ತಿ, ಎರಡಾಳೆತ್ತರ.

"ಇಲಿಗೆ ಇಷ್ಟು ಸಿಮೆಂಟಾ? ಸಾಲಿಗಿ ಎರಡು ಖೋಲಿ ಆಗ್ತಿದ್ವು."

ಮುಂದಿನ ಊರಿನಲ್ಲಿ ಹುರಿಯ ಉಂಡೆ. ಹುಲ್ಲಿನ ಪೆಂಡಿ ಕಟ್ಟಿ ಉಳಿದ ಹುರಿಯನ್ನು ರೈತರು ವರ್ಷಗಟ್ಟಲೆ ಸುತ್ತಿ ಸುತ್ತಿ ಕೋಣೆಯಷ್ಟು ದೊಡ್ಡದು ಮಾಡಿದ್ದರು. ಅಪ್ಪ ಒಂದು ಸುತ್ತು ಹಾಕಿ, ಚಿವುಟಿ ನೋಡಿದ.

"ಯಾರ ಸುತ್ಯಾರ? ಸಡ್ಲ ಐತಿ."

ಉಂಡೆ ಕಾಯುವ ಮುದುಕಿಗೆ, "ಬಹಳ ಮೆಚ್ಚಿದ್ದಾರೆ," ಅಂದೆ.

ಆಕೆ ಖುಷಿಯಾಗಿ ಇಬ್ಬರಿಗೂ ಒಂದೊಂದು ಮೊಳ ಹುರಿ ಕೊಟ್ಟಳು. ಬಂದವರೆಲ್ಲ ಅದನ್ನು ಉಂಡೆಯ ತುದಿಗೆ ಕಟ್ಟಿ ಹೋಗುವುದು ಅಲ್ಲಿಯ ಪದ್ಧತಿ. ನಾನು ಕಟ್ಟಿದೆ, ಬಿಚ್ಚಿಕೊಂಡಿತು. ಮತ್ತೆ ಕಟ್ಟಿದೆ, ಮತ್ತೆ ಬಿತ್ತು. ಅಪ್ಪ ಗಂಟು ಹಾಕಲೇ ಇಲ್ಲ. ನೆಲದ ಮೇಲೆ ಕೂತು, ಧೋತರ ಮೇಲೆತ್ತಿ, ಉಂಡೆಯ ತುದಿಯದೂ ತನ್ನ ಹುರಿಯದೂ ಎಳೆ ಬಿಚ್ಚಿ, ಅಂಗೈಗೆ ಉಗುಳು ಹಚ್ಚಿ, ತೊಡೆಯ ಮೇಲೆ ಎಳೆಗೆ ಎಳೆ ಸೇರಿಸಿ ಹೊಸೆಯತೊಡಗಿದ. ಅರ್ಧ ಗಂಟೆ. ನಮ್ಮ ಹಿಂದೆ ಸಾಲಿನಲ್ಲಿದ್ದ ಸಂಸಾರವೊಂದು ಕಾರಿನ ಬಾನೆಟ್ ಮೇಲೆ ಊಟವನ್ನೇ ಬಿಚ್ಚಿತು.

ಮುದುಕಿ ಬೆರಳಾಡಿಸಿದಳು, ಜೋಡಣೆ ಎಲ್ಲಿದೆಯೆಂದು ತಿಳಿಯಲಿಲ್ಲ. ಗಂಡನನ್ನು ಕರೆದಳು. ಅವನು ಕನ್ನಡಕ ಹಾಕಿಯೂ ಸೋತ. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದಳು.

"ಏನಂತಾಳ?" ಅಂದ ಅಪ್ಪ.

"ನಿನ್ನ ಮಗನಿಗೂ ಇದು ಬರ್ತೈತೇನು ಅಂತ ಕೇಳಾಕತ್ತಾಳ."

ಅಪ್ಪ ಧೋತರ ಕೊಡವಿ ಎದ್ದ. "ಬರಂಗಿಲ್ಲ ಅಂತ ಹೇಳು. ಹಗ್ಗಕ್ಕ ಕೈ ಹಚ್ಚಿದಾಗೆಲ್ಲ ಬಡದು ಸಾಲಿಗಿ ಕಳಿಸೇನಿ ಅಂತ ಹೇಳು. ನನ್ನ ಮಗನಿಗೆ ಒಂದ ಗಂಟೂ ಹಾಕಾಕ ಬರಂಗಿಲ್ಲ."

ಒಂದು ಮಾತೂ ಬಿಡದೆ ಇಂಗ್ಲಿಷಿಗೆ ಹಾಕಿದೆ. ಮುದುಕಿ ನೆಲದ ಮೇಲೆ ಬಿದ್ದಿದ್ದ ನನ್ನ ಹುರಿ ನೋಡಿ, ನಂಬಿದೆ ಅನ್ನುವಂತೆ ತಲೆಯಾಡಿಸಿದಳು.

ವಾಪಸ್ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಕೇಳಿದೆ: "ಯಪ್ಪಾ, ಖರೇ ಹೇಳು, ಉಂಡಿ ಹ್ಯಾಂಗಿತ್ತು?"

"ಸಡ್ಲ." ಕಾರಿನ ಗಾಜು ಒರೆಸುತ್ತಿದ್ದವನ ಕಡೆ ಕೈ ತೋರಿಸಿದ. "ಇಂವಗೂ ಹೇಳು, ನನ್ನ ಮಗನಿಗೆ ಗಂಟು ಹಾಕಾಕ ಬರಂಗಿಲ್ಲ ಅಂತ."

ಹೇಳಿದೆ. ಸ್ಯಾನ್ ಡಿಯಾಗೋ ಮುಟ್ಟುವುದರೊಳಗೆ ಇನ್ನೂ ಏಳು ಜನಕ್ಕೆ ಹೇಳಿದೆ.