ಸೀಟಿನ ಕೆಳಗಿನ ಅರಿಶಿನ ದಾರ

ತಾಯಿ ದುರ್ಗಮ್ಮನನ್ನು ನಂಬಿದ ಅಕ್ಕ-ತಂಗಿಯರೇ, ನನಗೆ ಆದದ್ದನ್ನು ಆದ ಹಾಗೇ ಬರೆಯುತ್ತಿದ್ದೇನೆ.

ಕಳೆದ ಆಷಾಢದಲ್ಲಿ ನನ್ನ ಮಗಳು ಕಾವ್ಯ ಬೆಂಗಳೂರಿನಲ್ಲಿ ಡೆಂಗಿ ಜ್ವರದಿಂದ ತೀರಿಕೊಂಡಳು. ಸಿ.ವಿ. ರಾಮನ್ ನಗರದ ಶಾಲೆಯಲ್ಲಿ ಟೀಚರ್ ಆಗಿದ್ದಳು. ದಾವಣಗೆರೆಯಿಂದ ಬಸ್ಸು ಹತ್ತಿ ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳಿಗೆ ಮಾತು ನಿಂತಿತ್ತು. ಆಮೇಲೆ ನನಗೆ ಅಳುವೇ ಬರಲಿಲ್ಲ. ಅವಳು ಶಾಲೆಗೆ ಓಡಿಸುತ್ತಿದ್ದ ಸೈಕಲ್ಲನ್ನಾದರೂ ನನ್ನ ಕೈಗೆ ಕೊಡು ತಾಯಿ ಎಂದು ಮಂಗಳವಾರ ಮಂಗಳವಾರ ದೀಪ ಹಚ್ಚಿ ಬೇಡಿದೆ.

ದೀಪಾವಳಿ ಕಳೆದ ಮೇಲೆ ಬೆಂಗಳೂರಿಗೆ ಹೋದೆ. ಅವಳ ರೂಮಿನ ಗೆಳತಿ ಸೈಕಲ್ಲನ್ನು ಹಲಸೂರಿನ ಒಂದು ಸೈಕಲ್ ಸಂಘಕ್ಕೆ ಕೊಟ್ಟುಬಿಟ್ಟಿದ್ದಳು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸಿ ಹುಡುಕಿಕೊಂಡು ಹೋದೆ. ತಗಡಿನ ಶೆಡ್ಡು. ಅಲ್ಲಿ ಹಳೇ ಸೈಕಲ್ ಬಂದರೆ ಬಿಚ್ಚಿಡುತ್ತಾರೆ. ಬೇಕಾದವರು ಅಲ್ಲಿನ ಸ್ಪಾನರ್ ಹಿಡಿದು, ಸಿಕ್ಕ ಭಾಗಗಳಿಂದ ತಮ್ಮ ಕೈಯಾರೆ ಒಂದನ್ನು ಜೋಡಿಸಿಕೊಳ್ಳಬೇಕು.

ಶೆಡ್ಡು ನೋಡಿಕೊಳ್ಳುವ ರಫೀಕ್ ಭಾಯ್ ತಲೆ ತಗ್ಗಿಸಿದರು. "ಬಿಚ್ಬಿಟ್ವಿ ಅಮ್ಮ. ಯಾವ್ದು ಯಾರ್ ಗಾಡಿಗೆ ಹೋಯ್ತೋ ಗೊತ್ತಿಲ್ಲ."

ಸ್ಟೂಲಿನ ಮೇಲೆ ಕುಸಿದೆ. ತಾಯಿಯ ಮೇಲೆ ಸಿಟ್ಟೇ ಬಂತು.

ಇಂದಿರಾನಗರದ ಮನೆಗಳಲ್ಲಿ ಅಡುಗೆ ಮಾಡುವ ಸೆಲ್ವಿ ಎಂಬಾಕೆ ತಾನು ಜೋಡಿಸಿದ ಸೈಕಲ್ ತಳ್ಳಿಕೊಂಡು ಬಂದಳು. ಓಡಿಸಲು ಇನ್ನೂ ಬಾರದು. "ಅಕ್ಕಾ, ಸುಮ್ನೆ ಕೂತಿದೀರಲ್ಲ, ಸೀಟ್ ಹಿಡ್ಕೊಳ್ಳಿ. ಭಾಯ್ ಹಿಡಿದ್ರೆ ನಗಿಸಿ ನಗಿಸಿ ಬೀಳಿಸ್ತಾರೆ."

ಸೀಟಿನ ಕೆಳಗೆ ಕೈ ಹಾಕಿದೆ. ಸ್ಪ್ರಿಂಗಿಗೆ ಸುತ್ತಿದ ಅರಿಶಿನ ದಾರ ಬೆರಳಿಗೆ ಸಿಕ್ಕಿತು. ಬಗ್ಗಿ ನೋಡಿದರೆ ನಾನು ಹಾಕುವ ಜೋಡಿ ಗಂಟು. ಹಿಂದಿನ ವರ್ಷ ಆಯುಧಪೂಜೆಯಲ್ಲಿ ತಾಯಿಯ ಗುಡಿಯಿಂದ ತಂದು ಮಗಳ ಸೈಕಲ್ಲಿಗೆ ಕಟ್ಟಿದ್ದು. ಸೀರೆಗೆಲ್ಲ ಬಣ್ಣ ಹತ್ತುತ್ತೆ ಅಮ್ಮ ಎಂದು ಗೊಣಗಿದ್ದಳು ಕಾವ್ಯ, ಬಿಚ್ಚಿರಲಿಲ್ಲ.

ವಿಷಯ ತಿಳಿದು ಸೆಲ್ವಿ ಸೀಟು ಬಿಚ್ಚಿ ಕೊಡಲು ಹೊರಟಳು. ಅವಳ ಸೈಕಲ್ಲಿಗೆ ಹಾಕಲು ಭಾಯ್ ಬೇರೊಂದು ಸೀಟನ್ನು ತಂದೇಬಿಟ್ಟರು.

"ಬ್ಯಾಡಮ್ಮ. ನೀನು ಹತ್ತು" ಎಂದೆ.

ಸೆರಗು ಸಿಕ್ಕಿಸಿಕೊಂಡು, ಸೀಟು ಹಿಡಿದು ಅವಳ ಹಿಂದೆ ಓಡಿದೆ. "ಬಿಡ್ಬೇಡಿ ಅಕ್ಕಾ, ಬಿಡ್ಬೇಡಿ" ಎನ್ನುತ್ತಲೇ ಇದ್ದಳು. ಸೈಕಲ್ ಕಲಿಯುವಾಗ ನನ್ನ ಮಗಳೂ ಹೀಗೇ ಅನ್ನುತ್ತಿದ್ದಳು. ಓಣಿಯ ತಿರುವು ಬರುವಷ್ಟರಲ್ಲಿ ಸೆಲ್ವಿಗೆ ಹಿಡಿತ ಸಿಕ್ಕಿತು. ಕೈ ಬಿಟ್ಟೆ. ಅಲ್ಲೇ ಗೋಡೆಗೆ ಒರಗಿ, ಆಷಾಢದಿಂದ ಬಾರದ ಅಳುವನ್ನೆಲ್ಲ ಅತ್ತೆ.

ಮಗಳು ಬರುವುದಿಲ್ಲ. ಬೇಡಿದ್ದನ್ನು ಮಾತ್ರ ತಾಯಿ ಕೈಗೆ ಕೊಟ್ಟಳು, ಓಣಿಯ ತಿರುವಿನವರೆಗೆ. ಅಷ್ಟಕ್ಕೇ ಅವಳ ಪಾದ ಹಿಡಿದಿದ್ದೇನೆ. ಈಗ ಮಂಗಳವಾರ ದೀಪ ಹಚ್ಚುವಾಗ ಸೆಲ್ವಿಯ ಹೆಸರನ್ನೂ ಹೇಳುತ್ತೇನೆ, ಬೀಳದಿರಲಿ ಎಂದು.