ಚೀಟಿ ಇಲ್ಲದ ಕನ್ನಡಕ

ನನ್ನ ತಮ್ಮ ಕನ್ನಡಕದ ಗಾಜು ಉಜ್ಜುವವನು. ಇಪ್ಪತ್ತೆರಡು ವರ್ಷಗಳಿಂದ ಅದೇ ಬೀದಿ, ಅದೇ ಅಂಗಡಿ, ಅದೇ ಯಂತ್ರ. ಮುಂದಿನ ಕೌಂಟರಿನಲ್ಲಿ ಫ್ರೇಮು ಒರೆಸುವುದು, ಗಿರಾಕಿಗಳ ಜೊತೆ ಜಗಳವಾಡುವುದು ನನ್ನ ಕೆಲಸ. ಎರಡನೆಯದನ್ನು ಯಾರೂ ವಹಿಸಿಕೊಟ್ಟದ್ದಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ತಮ್ಮ ಮೆತ್ತಗಿನ ಮನುಷ್ಯ. ಆದರೆ ಒಂದು ವಿಷಯದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಹದಿನೆಂಟು ತುಂಬದವರಿಗೆ ಕಣ್ಣಿನ ಡಾಕ್ಟರ ಚೀಟಿ ಇಲ್ಲದೆ ಗಾಜು ಮಾಡಿಕೊಡುವುದಿಲ್ಲ ಎಂದು ಅವನೇ ಬರೆದ ಬೋರ್ಡು ಗೋಡೆಯ ಮೇಲಿದೆ. "ಮಕ್ಕಳ ಕಣ್ಣಿಗೆ ಔಷಧಿ ಹಾಕಿ ನೋಡ್ದೆ ನಂಬರು ಹೇಳೋಕಾಗಲ್ಲಮ್ಮಾ, ಹೋಗಿ ಚೀಟಿ ತಗೊಂಡ್ಬನ್ನಿ" ಎಂದು ಅದೆಷ್ಟು ತಾಯಂದಿರನ್ನು ವಾಪಸು ಕಳಿಸಿದ್ದಾನೋ ಲೆಕ್ಕವಿಲ್ಲ.

ಆ ಬೋರ್ಡಿನ ಕೆಳಗೇ ಕೂತು ಸ್ವಂತ ಮಗಳಿಗೆ ಐದು ಸಲ ಚೀಟಿ ಇಲ್ಲದೆ ಗಾಜು ಮಾಡಿಕೊಟ್ಟ. ಪಕ್ಕದಲ್ಲೇ ನಿಂತು ಫ್ರೇಮು ಆರಿಸಿಕೊಟ್ಟವಳು ನಾನು.

ಮಗಳನ್ನು ನಾವು ಚೂಟಿ ಎನ್ನುತ್ತೇವೆ. ಅವಳಮ್ಮ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು, ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಅಮ್ಮನ ಜೊತೆ ಮಾತಾಡಿಕೊಂಡಿರಲಿ ಎಂದು ಹನ್ನೆರಡು ತುಂಬಿದಾಗ ಚೂಟಿಗೆ ಫೋನು ಕೊಡಿಸಿದೆವು. ಅಮ್ಮನ ಜೊತೆ ಮಾತು ಹತ್ತು ನಿಮಿಷ; ಮಿಕ್ಕ ಹೊತ್ತೆಲ್ಲ ಆಟ, ವಿಡಿಯೊ, ಗೆಳತಿಯರ ಹರಟೆ. ಅದಕ್ಕೆ ಮೊದಲು ಅಂಗಡಿಯ ಫ್ರೇಮುಗಳನ್ನೆಲ್ಲ ಹಾಕಿಕೊಂಡು ಗಿರಾಕಿಗಳ ನಕಲು ಮಾಡಿ ನಮ್ಮ ಪ್ರಾಣ ತಿನ್ನುತ್ತಿದ್ದ ಹುಡುಗಿ, ಶಾಲೆಯಿಂದ ಬಂದು ಹಿಂದಿನ ಕೋಣೆಯಲ್ಲಿ ಮೊಣಕಾಲು ಮಡಚಿ ಕೂತರೆ ಶಟರು ಎಳೆಯುವವರೆಗೂ ಸದ್ದಿಲ್ಲ. "ನಮ್ಮ ಹುಡುಗಿಗೆ ಬಾಯಲ್ಲಿ ಬೆರಳಿಟ್ರೂ ಕಚ್ಚೋಕೆ ಬರಲ್ಲ" ಎಂದು ಪಕ್ಕದಂಗಡಿಯವಳ ಮುಂದೆ ಕೊಚ್ಚಿಕೊಂಡೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಅವಳ ಮೊದಲ ಕನ್ನಡಕಕ್ಕೆ ಡಾಕ್ಟರ ಚೀಟಿ ಇತ್ತು, ನಂಬರು ಒಂದು. ಮೂರ್ನಾಲ್ಕು ತಿಂಗಳಿಗೆ "ಅಪ್ಪಾ, ಮಸುಕು ಮಸುಕಾಗಿ ಕಾಣ್ತಿದೆ" ಎಂದು ಬಂದಳು. "ಡಾಕ್ಟರ ಹತ್ರ ಅರ್ಧ ದಿನ ಕಾಯೋದ್ಯಾಕೆ, ನಾನಿಲ್ವಾ?" ಎಂದ ಅಪ್ಪ. ಅವಳನ್ನು ಎದುರು ಕೂರಿಸಿಕೊಂಡು, ಗದ್ದ ಹಿಡಿದು, ಒಂದೊಂದೇ ಗಾಜು ಬದಲಿಸಿ, "ಇದು ಚೆನ್ನಾಗಿದ್ಯಾ? ಅದು ಚೆನ್ನಾಗಿದ್ಯಾ?" ಎಂದು ಕೇಳಿ, ಮರುದಿನ ಬೆಳಿಗ್ಗೆಗೆ ಹೊಸ ಕನ್ನಡಕ ತಯಾರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಾವು ಹಿತ್ತಲ ಗಿಡವನ್ನೇ ನಂಬಿ ಕೆಟ್ಟೆವು. ಎರಡು ವರ್ಷದಲ್ಲಿ ನಂಬರು ನಾಲ್ಕೂವರೆಗೆ ಏರಿತು. ಶಾಲೆಯಲ್ಲಿ ಸೋಡಾಬುಡ್ಡಿ ಎಂಬ ಹೆಸರಾಯಿತು. ಆಮೇಲೆ ತಲೆನೋವು, ವಾಂತಿ. ಒಂದು ದಿನ ಪರೀಕ್ಷೆ ಬರೆಯಲಾಗದೆ ಅರ್ಧಕ್ಕೇ ಎದ್ದು ಬಂದಳು. ಆಗ ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರಮ್ಮ ಕಣ್ಣಿಗೆ ಔಷಧಿ ಹಾಕಿ ನೋಡಿ, ಚೂಟಿಯನ್ನು ಹೊರಗೆ ಕೂರಿಸಿ, ನಮ್ಮಿಬ್ಬರನ್ನು ಒಳಗೆ ಕರೆದರು.

"ಇವಳ ನಿಜವಾದ ನಂಬರು ಒಂದೂಕಾಲು. ಇಡೀ ದಿನ ಫೋನನ್ನ ಮೂಗಿನ ಹತ್ರ ಹಿಡಿದು ಹಿಡಿದು ಕಣ್ಣಿನ ಸ್ನಾಯು ಬಿಗಿದುಕೊಂಡಿದೆ, ಸಡಿಲವಾಗ್ತಾನೇ ಇಲ್ಲ. ಅದಕ್ಕೇ ದೂರದ್ದು ಮಸುಕಾಗಿದೆ. ಅದು ಅರ್ಧ ತಪ್ಪು. ಇನ್ನರ್ಧ ಈ ಗಾಜು. ಪವರು ಏರಿಸಿದಷ್ಟೂ ಕಣ್ಣು ಇನ್ನಷ್ಟು ಬಿಗಿಯುತ್ತೆ. ಯಾವ ಪುಣ್ಯಾತ್ಮ ಮಾಡಿಕೊಟ್ಟಿದ್ದು ಇದನ್ನ?"

ನನ್ನ ತಮ್ಮ ನೆಲ ನೋಡಿಕೊಂಡು, "ಯಾವುದೋ ಅಂಗಡೀಲಿ, ಮೇಡಂ" ಎಂದ. ನಾನು ಪಕ್ಕದಲ್ಲೇ ಇದ್ದೆ. ಊರವರ ಜೊತೆಗೆಲ್ಲ ಕಾಲು ಕೆರೆದು ಜಗಳಕ್ಕೆ ಹೋಗುವ ನಾನು, ಅಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ತಿಂಗಳು ದಿನವೂ ಔಷಧಿ ಹಾಕಬೇಕು, ಅಷ್ಟು ದಿನ ಹತ್ತಿರದ ಅಕ್ಷರ ಏನೂ ಕಾಣುವುದಿಲ್ಲ, ಫೋನು ಮುಟ್ಟಿಸಬೇಡಿ, ದೂರ ನೋಡಿಸಿ ಎಂದರು. ಹೊರಗೆ ಬಂದಾಗ ಚೂಟಿ ಕೇಳಿದಳು: "ಏನಂದ್ರಪ್ಪಾ?" ಇವನು "ಎಲ್ಲಾ ನಿನ್ನ ಫೋನಿನ ಪ್ರಸಾದ" ಎಂದ. ನಾನೂ ದನಿಗೂಡಿಸಿದೆ. ಅವಳಮ್ಮನೂ ಬಂದು ಬೈದಳು. "ನಂದೇ ತಪ್ಪು, ಸಾರಿ" ಎಂದು ಹುಡುಗಿ ಫೋನನ್ನು ತಾನೇ ತಂದುಕೊಟ್ಟಳು. ಆ ರಾತ್ರಿ ನನ್ನ ತಮ್ಮ ಊಟ ಬಿಟ್ಟು ಎದ್ದ.

ಕೊಟ್ಟಳೇನೋ ಸರಿ, ಅದಿಲ್ಲದೆ ಇರಬೇಕಲ್ಲ! ನಾಲ್ಕನೇ ದಿನಕ್ಕೆ ತಟ್ಟೆ ಎಸೆದಳು. ಆರನೇ ದಿನ ನನ್ನನ್ನು "ಜೈಲರ್" ಎಂದಳು. ಎಂಟನೇ ದಿನ ಮಧ್ಯಾಹ್ನ ಅಂಗಡಿಯ ಹಿಂದಿನ ಬಚ್ಚಲುಮನೆಗೆ ಹೋದವಳು ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಬಾಗಿಲು ಬಡಿದು ತೆಗೆಸಿದರೆ ಒಂದು ಕೈಯಲ್ಲಿ ನಾನು ಬಚ್ಚಿಟ್ಟಿದ್ದ ಫೋನು, ಇನ್ನೊಂದರಲ್ಲಿ ಮುದುಕರ ಓದುವ ಕನ್ನಡಕದ ದಪ್ಪ ಗಾಜು! ಔಷಧಿ ಹಾಕಿದ ಕಣ್ಣಿಗೂ ಆ ಗಾಜು ಹಿಡಿದರೆ ಹತ್ತಿರದ್ದು ಕಾಣುತ್ತದೆ. ಕನ್ನಡಕದವನ ಮಗಳಲ್ಲದೆ ಬೇರೆ ಯಾವ ಮಗುವಿಗೆ ಹೊಳೆಯುತ್ತಿತ್ತು ಇದು? ನಾನು ಕೂಗಾಡಿದ ರಭಸಕ್ಕೆ ತಮ್ಮ ಓಡಿಬಂದ.

"ಕದ್ದೆಯಾ? ನನ್ನ ಅಂಗಡೀಲೇ ಕದ್ದೆಯಾ?" ಎಂದು ಕೈ ಎತ್ತಿದ.

"ನಂಗೆ ಬಿಡೋಕಾಗ್ತಿಲ್ಲಪ್ಪಾ. ನಾನೇ ನನ್ನ ಕಣ್ಣು ಹಾಳ್ಮಾಡ್ಕೊಂಡೆ. ನಾನು ಕೆಟ್ಟವಳು" ಎಂದು ಅವಳು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು.

ಎತ್ತಿದ ಕೈಯಿಂದಲೇ ಅವಳ ತಲೆ ಹಿಡಿದುಕೊಂಡ. ಒದ್ದೆ ನೆಲದ ಮೇಲೆ ಕೂತು ಎಲ್ಲ ಹೇಳಿದ: ಅರ್ಧ ತಪ್ಪು ಗಾಜಿನದು, ಗಾಜು ತನ್ನದು, ಡಾಕ್ಟರ ಮುಂದೆ ಸುಳ್ಳು ಹೇಳಿದ್ದು ಹೆದರಿಕೆಯಿಂದ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ.

ಚೂಟಿ ಅವನ ಕೈ ಬಿಡಿಸಿಕೊಂಡಳು. "ಹಾಗಾದ್ರೆ ನನ್ನೊಬ್ಬಳನ್ನೇ ಎಲ್ರೂ ಯಾಕೆ ಬೈದ್ರಿ?" ಎಂದಳು. ಎರಡು ದಿನ ನಮ್ಮಿಬ್ಬರ ಜೊತೆಗೂ ಮಾತಾಡಲಿಲ್ಲ. ಮಾಡಿದ್ದುಣ್ಣೋ ಮಾರಾಯ ಅಂತ ಸುಮ್ಮನೆ ಹೇಳಿದ್ದಾರೆಯೇ?

ತಮ್ಮ ಮರುದಿನವೇ ಡಾಕ್ಟರಮ್ಮನ ಹತ್ತಿರ ಹೋಗಿ "ಆ ಅಂಗಡಿ ನಂದೇ" ಎಂದು ಒಪ್ಪಿಕೊಂಡು, ಚೆನ್ನಾಗಿ ಉಗಿಸಿಕೊಂಡು ಬಂದ. ಅಂದಿನಿಂದ ಎಂಟಕ್ಕೆ ಎಳೆಯುತ್ತಿದ್ದ ಶಟರನ್ನು ಐದಕ್ಕೇ ಎಳೆಯತೊಡಗಿದ. ಅಪ್ಪ ಮಗಳು ಇಬ್ಬರೂ ಫೋನು ಮನೆಯಲ್ಲಿಟ್ಟು ಕಾಲುವೆ ದಂಡೆಗೆ ಹೋಗುತ್ತಿದ್ದರು. ಮೊದಮೊದಲು ಅವಳು ಹತ್ತು ಹೆಜ್ಜೆ ಹಿಂದೆ, ಮುಖ ಊದಿಸಿಕೊಂಡು. ಆಮೇಲೆ ಆಚೆ ದಡದವರ ನಡಿಗೆ ನೋಡಿ ನಕಲು ಮಾಡಲು ಶುರುಮಾಡಿದಳಂತೆ. ಔಷಧಿ ನಿಂತ ಮೇಲೆ ದಿನಕ್ಕೆ ಒಂದು ಗಂಟೆ ಫೋನು ಎಂದು ಅವಳೇ ಮಾತು ಕೊಟ್ಟಳು. ಎಷ್ಟೋ ದಿನ ತಪ್ಪಿದ್ದಾಳೆ, ಜಗಳವಾಗಿದೆ, ಮತ್ತೆ ಮೊದಲಿನಿಂದ ಶುರುಮಾಡಿದ್ದಾಳೆ.

ಮೂರು ತಿಂಗಳಿಗೆ ಡಾಕ್ಟರು ಮತ್ತೆ ನೋಡಿ ಒಂದೂಕಾಲು ಎಂದು ಚೀಟಿ ಬರೆದರು. ಅಂಗಡಿಯಲ್ಲಿ ತಮ್ಮ ಅವಳನ್ನು ಎದುರು ಕೂರಿಸಿಕೊಂಡು, ಗದ್ದ ಹಿಡಿದು, ಫ್ರೇಮಿನ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಿದ್ದ.

"ಅಪ್ಪಾ, ಒಂದು ಹೇಳ್ಲಾ? ಬೈಬಾರ್ದು."

"ಹೇಳಮ್ಮ."

"ಮೊದ್ಲಿನ ಎರಡು ಸಲ ನಿಜವಾಗ್ಲೂ ಮಸುಕಾಗಿತ್ತು. ಆಮೇಲಿನ ಮೂರು ಸಲ ಅಷ್ಟೇನಿರ್ಲಿಲ್ಲ. ಸುಳ್ಳು ಹೇಳ್ದೆ."

"ಯಾಕೇ?"

"ಕಣ್ಣು ನೋಡೋವಾಗ ಮಾತ್ರ ನೀನು ಅರ್ಧ ಗಂಟೆ ಹಿಂಗೆ ನನ್ನ ಮುಂದೆ ಕೂತಿರ್ತಿದ್ದೆ. ಬೇರೆ ಯಾವಾಗ ಬಂದ್ರೂ ಅತ್ತೆ, 'ಅಪ್ಪಂಗೆ ಕೆಲಸ ಇದೆ, ಹೋಗಿ ಫೋನ್ ನೋಡ್ಕೋ' ಅಂತಿದ್ರು."

ಹೌದು, ಅಂದಿದ್ದೆ. ದಿನಾ ಅಂದಿದ್ದೆ.