ರಾತ್ರಿ ಮಲಗದ ಗುಳ್ಳದ ಗಿಡ

ಮಣಿಪಾಲದ ಫ್ಲ್ಯಾಟಿನ ಏಳನೇ ಮಾಳಿಗೆಯಲ್ಲಿ, ಅದೂ ದೇವರ ಕೋಣೆಯೊಳಗೆ, ಮಳೆಗಾಲದಲ್ಲಿ ಬದನೆ ಬೆಳೆಸಲು ಹೊರಟವಳು ನಾನು. ನಮ್ಮ ಕಡೆಯ ಮದುವೆ, ಮುಂಜಿಗಳಲ್ಲಿ ಊಟಕ್ಕೆ ಕುಳಿತಾಗ ಈಗಲೂ ಯಾರಾದರೊಬ್ಬರು ಈ ಮಾತು ಎತ್ತಿ ನಗುತ್ತಾರೆ. ನಗಲಿ. ಹಾಗೆ ನಗುವವರ ಮನೆಯಲ್ಲಿ ದೀಪಾವಳಿಗೆ ಮೊದಲು ಒಂದಾದರೂ ಗುಳ್ಳ ಇತ್ತಾ ಎಂದು ನಾನು ಕೇಳುತ್ತೇನೆ. ಆಗ ಎಲ್ಲರೂ ಎಲೆಯ ಮೇಲಿನ ಉಪ್ಪಿನಕಾಯಿ ನೋಡುತ್ತಾರೆ.

ಇದೆಲ್ಲ ಶುರುವಾದದ್ದು ಕಾರ್ಕಳದಿಂದ ಬಂದ ಒಂದು ಫೋನಿನಿಂದ. ಮಗಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ಆಗ ಅವಳಿಗೆ ನಾಲ್ಕು ತಿಂಗಳು. ಹಿಂದಿನ ವರ್ಷ ನಿಂತದ್ದು ಮೂರನೇ ತಿಂಗಳಿಗೇ ಹೋಗಿತ್ತು. ಆದ್ದರಿಂದ ಈ ಸಲ ಅವಳು ಕೆಮ್ಮಿದರೂ ನಮಗೆಲ್ಲ ಹೆದರಿಕೆ. ನೀರು ಕುಡಿದರೂ ವಾಂತಿ. ಏನು ತಿನ್ನಬೇಕು ಅನ್ನಿಸುತ್ತದೋ ಅದನ್ನೇ ಕೊಡಿ ಎಂದು ಡಾಕ್ಟರು ಹೇಳಿದ್ದರು, ಆದರೆ ಇವಳಿಗೆ ಏನೂ ತಿನ್ನಬೇಕು ಅನ್ನಿಸುತ್ತಲೇ ಇರಲಿಲ್ಲ. ಹಾಗಿದ್ದವಳು ಜೂನ್ ತಿಂಗಳ ಒಂದು ಮಧ್ಯಾಹ್ನ ಫೋನ್ ಮಾಡಿ, "ಅಮ್ಮ, ನನಗೆ ಗುಳ್ಳದ ಬೋಳು ಹುಳಿ ತಿನ್ನಬೇಕು ಅಂತ ಆಗ್ತಾ ಉಂಟು" ಎಂದಳು. ನಾನು ಸಂತೋಷಕ್ಕೆ ಅತ್ತೇ ಬಿಟ್ಟೆ. ಕಣ್ಣು ಒರೆಸಿಕೊಂಡ ಮೇಲೆ ನೆನಪಾಯಿತು: ಜೂನ್ ತಿಂಗಳಲ್ಲಿ ಗುಳ್ಳ ಎಲ್ಲಿಂದ ತರುವುದು?

ಗುಳ್ಳ ಎಂದರೆ ಕಾಪು ಕಡೆಯ ಮಟ್ಟು ಗ್ರಾಮದ ಬದನೆ. ಗುಂಡಗೆ, ತಿಳಿ ಹಸಿರು, ತೊಟ್ಟಿನಲ್ಲಿ ಮುಳ್ಳು. ಮಳೆ ನಿಂತ ಮೇಲೆ ಅದರ ಸಾಗುವಳಿ, ಕಾಯಿ ಬರುವಾಗ ಡಿಸೆಂಬರ್. ಮಗಳ ಹೆರಿಗೆ ನವೆಂಬರಿನಲ್ಲಿ. ಪೇಟೆಯಲ್ಲಿ ಹಸಿರು ಬದನೆ ಯಾವಾಗಲೂ ಸಿಗುತ್ತದೆ, ಗುಳ್ಳ ಎಂದೇ ಹೇಳಿ ಕೊಡುತ್ತಾರೆ. ಒಮ್ಮೆ ಕಲ್ಯಾಣಪುರದಿಂದ ತಂದು, ಹುಳಿ ಮಾಡಿ, ಡಬ್ಬಿ ಕಟ್ಟಿಕೊಂಡು ಕಾರ್ಕಳಕ್ಕೆ ಹೋದೆ. ಒಂದು ಹೋಳು ಬಾಯಿಗಿಟ್ಟವಳು, "ಇದು ಗುಳ್ಳ ಅಲ್ಲಮ್ಮ" ಎಂದು ತಟ್ಟೆ ಸರಿಸಿದಳು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ಮಾತುಂಟು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಅದನ್ನು ನಂಬುವುದಿಲ್ಲ. ನಂಬುವುದಿಲ್ಲ ಎಂದು ಬಸ್ಸಿನಲ್ಲಿ ಮಣಿಪಾಲದವರೆಗೂ ನನಗೆ ನಾನೇ ಹೇಳಿಕೊಂಡು ಬಂದೆ. ಮನೆ ತಲುಪುವಾಗ ಹಠ ಹುಟ್ಟಿತ್ತು. ಹೆರಿಗೆಗೆ ಮೊದಲು ಅವಳು ಗುಳ್ಳ ತಿನ್ನಬೇಕು, ನಾನೇ ಬೆಳೆಸಿ ಕೊಡುತ್ತೇನೆ.

ನನ್ನ ಗಂಡನ ಅಕ್ಕ, ನನ್ನ ಅತ್ತಿಗೆ, ಮಟ್ಟುವಿನಲ್ಲಿ ಮೂವತ್ತು ವರ್ಷಗಳಿಂದ ಗುಳ್ಳ ಬೆಳೆಸುತ್ತಾರೆ. ಬೀಜ ಕೇಳಲು ಹೋದಾಗ ಅವರು ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಳೆಗಾಲದಲ್ಲಿ ಗುಳ್ಳವಾ? ಅದೂ ಫ್ಲ್ಯಾಟಿನಲ್ಲಿ? ನಿನಗೆ ಎಂತ, ಮರುಳಾ ಮಾರಾಯ್ತಿ?" ಬೂದಿಯಲ್ಲಿ ಹೊರಳಿಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಬೀಜವನ್ನು ಮಾತ್ರ ಇಲ್ಲ ಎನ್ನದೆ ಕೊಟ್ಟರು. ಹೇಗೆ ಬೆಳೆಸಬೇಕು ಎಂದು ನಾನು ಕೇಳಲಿಲ್ಲ. ಕೇಳುವ ಜಾತಿಯವಳೇ ಅಲ್ಲ ನಾನು.

ಮೊದಲ ಸಸಿಗಳನ್ನು ಕಿಟಕಿಯ ಬಳಿ ಇಟ್ಟೆ. ಮಣಿಪಾಲದ ಜುಲೈಯಲ್ಲಿ ಕಿಟಕಿಯಾಚೆ ಬಿಸಿಲು ಎಲ್ಲಿಂದ? ಅವು ಬೆಳಕು ಹುಡುಕುತ್ತ ನೂಲಿನಂತೆ ಉದ್ದವಾಗಿ, ಒಂದು ದಿನ ಎಲ್ಲವೂ ಒಟ್ಟಿಗೇ ಅಡ್ಡಬಿದ್ದವು. ಮತ್ತೆ ಬಿತ್ತಿದೆ. ಈ ಸಲ ಇಂಟರ್ನೆಟ್ಟಿನ ಮೊರೆ ಹೋದೆ. ಅಲ್ಲಿ ತಿಳಿದದ್ದೆಂದರೆ, ಮನೆಯೊಳಗೆ ದೀಪ ಹಾಕಿ ಗಿಡ ಬೆಳೆಸುವ ವಿದ್ಯೆಯಲ್ಲಿ ಜಗತ್ತಿನಲ್ಲೇ ಪಂಡಿತರು ಗಾಂಜಾ ಬೆಳೆಸುವ ವಿದೇಶೀಯರು. ಬೇರು ಕೊಳೆತರೆ ಏನು, ಎಲೆ ಮುರುಟಿದರೆ ಏನು, ಹಳದಿಯಾದರೆ ಯಾವ ಗೊಬ್ಬರ ಎಂದು ಅವರಷ್ಟು ಶ್ರದ್ಧೆಯಿಂದ ವಿವರಿಸುವ ಮೇಷ್ಟ್ರುಗಳನ್ನು ನಾನು ನಮ್ಮ ಶಾಲೆಯಲ್ಲೂ ಕಂಡಿಲ್ಲ. ಗಡ್ಡ ಬಿಟ್ಟ ಒಬ್ಬ ಮಹಾಶಯನ ವಿಡಿಯೋಗಳನ್ನು, ಗಿಡದ ಹೆಸರು ಬಂದಾಗಲೆಲ್ಲ ಮನಸ್ಸಿನಲ್ಲೇ ಬದನೆ ಎಂದು ತಿದ್ದಿಕೊಳ್ಳುತ್ತ, ನೋಟ್ಸ್ ಬರೆದುಕೊಂಡು ನೋಡಿದೆ. ಅವನು ಹೇಳಿದ ನೇರಳೆ ಬಣ್ಣದ ದೀಪವನ್ನು ತರಿಸಿದೆ. ಮನೆಯಲ್ಲಿ ಖಾಲಿ ಜಾಗ ಇದ್ದದ್ದು ದೇವರ ಕೋಣೆಯಲ್ಲಿ ಮಾತ್ರ. ಅಲ್ಲೇ, ದೇವರ ಮಂಟಪದ ಎದುರಿನ ಮೂಲೆಯಲ್ಲಿ, ಎರಡು ಚಟ್ಟಿಗಳಲ್ಲಿ ಸಸಿ ನೆಟ್ಟು, ಮೇಲೆ ದೀಪ ನೇತು ಹಾಕಿದೆ.

ವಾರದೊಳಗೆ ನಮ್ಮ ಕಟ್ಟಡದ ಕಾರ್ಯದರ್ಶಿ ವಾಚ್‌ಮನ್ ಸಮೇತ ಬಾಗಿಲಲ್ಲಿ ಹಾಜರು. ನಿವೃತ್ತ ಬ್ಯಾಂಕ್ ಮ್ಯಾನೇಜರು, ಬಹಳ ಮರ್ಯಾದಸ್ಥರು. ಕಿಟಕಿಯಲ್ಲಿ ರಾತ್ರಿಯಿಡೀ ನೇರಳೆ ಬೆಳಕು ಕಾಣುತ್ತದೆ ಎಂದು ಎದುರಿನ ಕಟ್ಟಡದವರು ದೂರು ಕೊಟ್ಟಿದ್ದರಂತೆ. ಕಾಲೇಜು ಹುಡುಗರ ಊರು, ಜನ ಏನೇನೋ ಯೋಚಿಸುತ್ತಾರೆ.

"ಟೀಚರ್, ತಪ್ಪು ತಿಳೀಬೇಡಿ. ಒಳಗೆ ಎಂತ ಬೆಳೆಸುವುದು?"

"ನೀವೇ ಬಂದು ನೋಡಿ" ಎಂದು ನಾನು ಸಿಟ್ಟಿನಲ್ಲಿ ಬಾಗಿಲು ಪೂರ್ತಿ ತೆರೆದೆ. ಅವರು ಚಪ್ಪಲಿ ಕಳಚಿ, ದೇವರಿಗೆ ಕೈಮುಗಿದು, ಗಿಡದ ಎಲೆ ಮುಟ್ಟಿದವರು ಮುಳ್ಳು ಚುಚ್ಚಿ ಕೈ ಹಿಂದೆಳೆದುಕೊಂಡರು. "ಅಯ್ಯೋ, ಇದು ಗುಳ್ಳ ಅಲ್ವಾ!" ಎನ್ನುವಾಗ ಅವರ ಮುಖ ನೋಡಬೇಕಿತ್ತು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಅಂದಿನಿಂದ ಅವರೂ ಒಬ್ಬ ಸಲಹೆಗಾರರು. ಹುಳಿ ಮಜ್ಜಿಗೆ ಸಿಂಪಡಿಸಿ ಎಂದರು, ಸಿಂಪಡಿಸಿದೆ. ಮೂರು ದಿನ ದೇವರ ಕೋಣೆ ಗಬ್ಬು ನಾರಿತು.

ಆಗಸ್ಟಿನಲ್ಲಿ ಗಿಡಗಳಿಗೆ ನಿಜವಾದ ಕಾಯಿಲೆ ಹಿಡಿಯಿತು. ಮೊದಲು ಕೆಳಗಿನ ಎಲೆ ಹಳದಿಯಾಯಿತು. ನೀರು ಹೆಚ್ಚಾಗಿದೆ ಎಂದಿತು ಗಾಂಜಾದವನ ವಿಡಿಯೋ ನೋಡಿ ನಾನು ಬರೆದಿಟ್ಟ ಪಟ್ಟಿ, ಕಡಿಮೆ ಮಾಡಿದೆ. ಆಮೇಲೆ ಮೇಲಿನ ಎಲೆಗಳಲ್ಲಿ ನರ ಮಾತ್ರ ಹಸಿರು ಉಳಿದು ನಡುವೆಲ್ಲ ಬಿಳಿಚು ಮಚ್ಚೆ. ಮೆಗ್ನೀಷಿಯಂ ಸಾಲದು ಎಂದಿತು ಪಟ್ಟಿ. ಎಪ್ಸಮ್ ಉಪ್ಪು ತಂದು ಹಾಕಿದೆ. ಮಚ್ಚೆ ಹೋಗಲಿಲ್ಲ. ಕಬ್ಬಿಣವೋ ಏನೋ ಎಂದು ಅದನ್ನೂ ಹಾಕಿದೆ. ನೆಲಗಡಲೆ ಹಿಂಡಿ ನೆನೆಸಿ ಹಾಕಿದೆ, ಅಕ್ಕಿ ತೊಳೆದ ನೀರು ಹಾಕಿದೆ, ಬೇವಿನ ಎಣ್ಣೆ ಹೊಡೆದೆ. ಎಲೆಯ ತುದಿಗಳು ಸುಟ್ಟಂತಾಗಿ ಒಳಕ್ಕೆ ಸುರುಟಿದವು. ಒಂದು ಗಿಡ ಸತ್ತೇಹೋಯಿತು. ಚಟ್ಟಿಯ ಮುಂದೆ ಕುಳಿತು ಅದನ್ನು ಬೈದೆ, ಗಡ್ಡದವನನ್ನು ಬೈದೆ, ಕೊನೆಗೆ ನನ್ನನ್ನೂ ಬೈದುಕೊಂಡೆ. ಫೋನಿನಲ್ಲಿ ಮಗಳು "ಗಿಡ ಹೇಗುಂಟು ಅಮ್ಮ?" ಎಂದು ಕೇಳಿದರೆ "ಫಸ್ಟ್ ಕ್ಲಾಸ್" ಎನ್ನುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಸೀಮಂತ ಮುಗಿಸಿ ಮಗಳನ್ನು ಹೆರಿಗೆಗೆ ಮನೆಗೆ ಕರೆತಂದೆವು. ಅವಳನ್ನು ಬಿಡಲು ಬಂದ ಅತ್ತಿಗೆ ಆ ಸಂಜೆ ನಮ್ಮಲ್ಲೇ ಉಳಿದರು. ಉಳಿದೊಂದು ಗಿಡದ ಅವಸ್ಥೆ ಅವರ ಕಣ್ಣಿಗೆ ಬೀಳದಿರಲಿ ಎಂದು ದೇವರ ಕೋಣೆಗೆ ಅಡ್ಡ ನಿಂತೆ, ಪ್ರಯೋಜನವಾಗಲಿಲ್ಲ. ನೇರಳೆ ಬೆಳಕಿನಲ್ಲಿ ಸೊಂಟಕ್ಕೆ ಕೈಯಿಟ್ಟು ಅವರು ಬಹಳ ಹೊತ್ತು ಅದನ್ನು ನೋಡಿದರು. ರೋಗ ತೋರಿಸೋಣವೆಂದು ನಾನು ಒಂದು ಎಲೆ ಕೀಳಲು ಕೈ ಚಾಚಿದೆ. ಅವರು ನನ್ನ ಕೈಗೆ ಒಂದು ಪೆಟ್ಟು ಕೊಟ್ಟರು.

"ಮುಸ್ಸಂಜೆ ಆದ ಮೇಲೆ ಗಿಡ ಮುಟ್ಟಬಾರದು ಅಂತ ಗೊತ್ತಿಲ್ವಾ? ಮಲಗಿರ್ತದೆ ಅದು."

ಹಾಗೆಂದವರು ತಲೆಯೆತ್ತಿ ದೀಪ ನೋಡಿದರು. "ಇದನ್ನು ಆರಿಸುವುದು ಯಾವಾಗ?"

"ಆರಿಸುವುದಿಲ್ಲ."

"ರಾತ್ರಿ?"

"ರಾತ್ರಿಯೂ ಇಲ್ಲ."

ಆರಿಸದಿರಲು ಕಾರಣ ನಮ್ಮ ಮನೆಯ ಕ್ರಮ. ಸಂಜೆ ಹಚ್ಚಿದ ದೀಪವನ್ನು ನಾವಾಗಿ ಆರಿಸಬಾರದು, ಎಣ್ಣೆ ಮುಗಿದು ಅದೇ ಶಾಂತವಾಗಬೇಕು. ಆ ನೇರಳೆ ದೀಪವನ್ನು ನಾನು ಮೊದಲ ಸಲ ಹಾಕಿದ್ದು ದೇವರಿಗೆ ದೀಪ ಹಚ್ಚಿದ ಬೆನ್ನಿಗೆ, ಅದೇ ಕೋಣೆಯಲ್ಲಿ. ಆಮೇಲೆ ಸ್ವಿಚ್ಚಿಗೆ ಕೈ ಹೋಗಲೇ ಇಲ್ಲ. ಎಳೆಯ ಗಿಡಕ್ಕೆ ಹಗಲೂ ರಾತ್ರಿಯೂ ಬೆಳಕು ಕೊಟ್ಟರೂ ಆದೀತು ಎಂದು ಗಡ್ಡದವನೂ ಎಲ್ಲೋ ಹೇಳಿದ್ದ, ಅಷ್ಟು ಸಾಕಾಯಿತು. ಕರೆಂಟಿನ ದೀಪಕ್ಕೆ ಎಣ್ಣೆ ಮುಗಿಯುವುದು ಯಾವಾಗ! ಎರಡು ತಿಂಗಳಿನಿಂದ ಆ ಬಡಪಾಯಿ ಗಿಡ ಒಂದು ಗಳಿಗೆ ಕಣ್ಣು ಮುಚ್ಚಿರಲಿಲ್ಲ.

ಇಷ್ಟನ್ನೂ ಹೇಳಿದಾಗ ಅತ್ತಿಗೆ ನಕ್ಕ ನಗು ಏಳು ಮಾಳಿಗೆ ಕೆಳಗೆ ವಾಚ್‌ಮನ್‌ಗೆ ಕೇಳಿಸಿರಬೇಕು. "ಇದು ಬಲ್ಬು ಮಾರಾಯ್ತಿ, ನಂದಾದೀಪ ಅಲ್ಲ. ನಿನ್ನ ಟ್ಯೂಬ್‌ಲೈಟನ್ನೂ ಆರಿಸುವುದಿಲ್ವಾ ನೀನು? ಮಕ್ಕಳಿಗೆ ಎಂತ ಪಾಠ ಮಾಡ್ತಿ? ಪುಸ್ತಕದ ಬದನೆಕಾಯಿ!" ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದು ಹಗಲಿನ ಕೆಲಸ, ರಾತ್ರಿಯ ಕೆಲಸ ಎಂದು ವಿವರಿಸಿದವಳು ನಾನು. ನಾಚಿಕೆಯಾಯಿತು, ಆದರೆ ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನಾನೂ ನಕ್ಕೆ.

ಅಂದು ದೀಪ ಆರಿಸಿದೆವು. ಆಮೇಲೆ ದಿನವೂ ಸಂಜೆ ಕತ್ತಲಾಗುತ್ತಲೇ ಆರಿಸಿ, ಬೆಳಿಗ್ಗೆ ಹಾಕುವ ಕ್ರಮ. ಗೊಬ್ಬರಗಳನ್ನೆಲ್ಲ ನಿಲ್ಲಿಸಿ ಬರೀ ನೀರು, ಅದೂ ಮಣ್ಣು ಒಣಗಿದರೆ ಮಾತ್ರ. ಎರಡು ವಾರದಲ್ಲಿ ತುದಿಯಲ್ಲಿ ಹೊಸ ಎಲೆ ಬಂತು, ಹಸಿರಾಗಿ, ಒಂದು ಮಚ್ಚೆಯೂ ಇಲ್ಲದೆ. ನವರಾತ್ರಿಗೆ ಹೂ ಬಿಟ್ಟಿತು. ಬಿಟ್ಟ ಹೂಗಳು ಮಾತ್ರ ಒಂದೊಂದಾಗಿ ಉದುರತೊಡಗಿದವು. ಈ ಸಲ ನಾನು ಇಂಟರ್ನೆಟ್ ಬಿಟ್ಟು ಸೀದಾ ಮಟ್ಟುವಿಗೆ ಫೋನ್ ಮಾಡಿದೆ. "ಏಳನೇ ಮಾಳಿಗೆಗೆ ದುಂಬಿ ಲಿಫ್ಟಿನಲ್ಲಿ ಬರ್ತದಾ? ನೀವೇ ಅಲುಗಾಡಿಸಿ" ಎಂದರು ಅತ್ತಿಗೆ. ಮಸ್ಕತ್‌ನಲ್ಲಿ ಕೆಲಸದಲ್ಲಿರುವ ಗಂಡ ತಂದುಕೊಟ್ಟ, ನಾನು ಒಮ್ಮೆಯೂ ಬಳಸದ ಎಲೆಕ್ಟ್ರಿಕ್ ಟೂತ್‌ಬ್ರಷ್ ಕಪಾಟಿನಲ್ಲಿತ್ತು. ಮಗಳು ಅದನ್ನು ಚಾಲೂ ಮಾಡಿ, ದಿನವೂ ಬೆಳಿಗ್ಗೆ ತುಂಬು ಹೊಟ್ಟೆಯಲ್ಲಿ ಮಣೆಯ ಮೇಲೆ ಕುಳಿತು, ಹೂವಿನ ತೊಟ್ಟಿಗೆ ಮುಟ್ಟಿಸಿ ತಾನೂ ಬಾಯಲ್ಲಿ ಗುಂಯ್ ಎನ್ನುತ್ತಿದ್ದಳು. ಏಳು ಹೂವಿನಲ್ಲಿ ಆರು ಉದುರಿದವು, ಒಂದು ನಿಂತಿತು. ದೀಪಾವಳಿ ಹತ್ತಿರ ಬರುವಾಗ ಅದು ನನ್ನ ಮುಷ್ಟಿಯಷ್ಟು ದೊಡ್ಡ ಗುಳ್ಳವಾಗಿತ್ತು. ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಒಂದೇ ವಾರ.

ಹುಣಸೆಹುಳಿ ನೆನೆಹಾಕಿ, ಗುಳ್ಳ ಕೊಯ್ಯಲು ಕತ್ತರಿ ಹಿಡಿದು ನಿಂತಾಗ ಮಗಳು ತಡೆದಳು.

"ಮೊದಲ ಗುಳ್ಳ ಮಠಕ್ಕೆ ಅಲ್ವಾ ಅಮ್ಮ?"

ಅದು ಮಟ್ಟುವಿನವರ ಕಟ್ಟು. ಬೆಳೆಯ ಮೊದಲ ಗುಳ್ಳ ಉಡುಪಿಯ ಮಠದ ದೇವರಿಗೆ ಹೋಗಬೇಕು, ಆಮೇಲೆಯೇ ಮನೆಯವರು ತಿನ್ನುವುದು. ಇನ್ನೊಂದು ಕಾಯಿ ಬರುವಾಗ ಹೆರಿಗೆ ಆಗಿರುತ್ತದೆ, ಬಾಣಂತಿಗೆ ಬದನೆ ನಂಜು ಎಂದು ಯಾರೂ ಕೊಡುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ದೇವರಿಗೆ ಡಿಸೆಂಬರಿನಲ್ಲಿ ಬುಟ್ಟಿಗಟ್ಟಲೆ ಬರುತ್ತದೆ, ಇದೊಂದರ ಮೇಲೆ ಅವನಿಗೇನು ಕಣ್ಣು ಎಂದು ಕೂಗಾಡಿದೆ. ಮಗಳು ಮೆಲ್ಲಗೆ, "ಈ ಸಲ ಯಾವುದರಲ್ಲೂ ತಪ್ಪಾಗುವುದು ಬೇಡಮ್ಮ" ಎಂದಳು. ಕತ್ತರಿ ಕೆಳಗಿಟ್ಟು ಅತ್ತಿಗೆಗೆ ಫೋನ್ ಮಾಡಿದೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಆ ಕಟ್ಟು ಮುರಿಯದವರು ಏನು ಹೇಳಿಯಾರೆಂದು ನನಗೆ ಗೊತ್ತಿತ್ತು. ಅವರು ಮಾತ್ರ "ನಾಳೆ ಬರ್ತೇನೆ, ಮುಟ್ಟಬೇಡಿ" ಎಂದು ಇಟ್ಟುಬಿಟ್ಟರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಕಾಲು ತೊಳೆದವರು ನೇರ ದೇವರ ಕೋಣೆಗೆ ಹೋದರು. ತೊಟ್ಟು ಸಮೇತ ಗುಳ್ಳ ಕೊಯ್ದು, ತೊಳೆದು, ಬಾಳೆಲೆಯ ತುಂಡಿನ ಮೇಲೆ ದೇವರ ಮುಂದೆ ಇಟ್ಟು ದೀಪ ಹಚ್ಚಿದರು. ನಾವಿಬ್ಬರು ಬಾಗಿಲಲ್ಲಿ ನಿಂತಿದ್ದೆವು. ಕಣ್ಣು ಮುಚ್ಚಿ ಕೈಮುಗಿದರು, ಕಣ್ಣು ತೆರೆದರು, ಗುಳ್ಳ ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದೇಬಿಟ್ಟರು.

"ಅತ್ತೆ, ಮಠಕ್ಕೆ?" ಎಂದಳು ಮಗಳು.

"ಗದ್ದೆಯ ಗುಳ್ಳ ಗದ್ದೆಯವರು ಕೊಡ್ತಾರೆ. ಇದು ಬೆಳೆದದ್ದೇ ದೇವರ ಕೋಣೆಯಲ್ಲಿ. ಹೂವಾದಾಗಿನಿಂದ ಎದುರು ಕೂತು ನೋಡಿದವರಿಗೆ ಇನ್ನು ಎಂತ ತೋರಿಸುವುದು? ನೀನು ಎಲೆ ಹಾಕಿಕೊಂಡು ಕೂತುಕೋ." ನಾನು ಒಲೆಯ ಹತ್ತಿರ ಹೋದರೆ, "ನೀನು ಬೇಡ, ಹಾಳು ಮಾಡ್ತಿ" ಎಂದು ನನ್ನನ್ನು ಹೊರಗೆ ದಬ್ಬಿದರು.

ತೊಗರಿಬೇಳೆ, ಹಸಿಮೆಣಸು, ಹುಣಸೆಹುಳಿ, ಒಂದು ತುಂಡು ಬೆಲ್ಲ. ಬೋಳು ಹುಳಿಗೆ ತೆಂಗಿನಕಾಯಿ ಬೇಡ. ಒಂದೇ ಗುಳ್ಳ, ಎಂಟು ಹೋಳು. ಮಗಳು ಕುಚ್ಚಲಕ್ಕಿ ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಇದು ಗುಳ್ಳ" ಎಂದಳು. ಎರಡನೇ ಸಲ ಅನ್ನ ಹಾಕಿಸಿಕೊಂಡಳು, ಮೂರನೇ ಸಲ ತಾನೇ ಪಾತ್ರೆ ಎಳೆದುಕೊಂಡು ತಳ ಕೆರೆದಳು. ಅವಳ ಹಣೆಯಲ್ಲಿ ಬೆವರು, ಗಲ್ಲದ ಮೇಲೆ ಒಂದು ಅಗುಳು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದರು. ನಾನು ತಿರುಗಲಿಲ್ಲ. ಆ ಗುಳ್ಳ ರುಚಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ನನಗೆಂದು ಅವಳು ಒಂದು ಹೋಳೂ ಉಳಿಸಲಿಲ್ಲ.